ಎಣ್ಣೆ ಬಳಿದೆತ್ತಿದ ಮೇಲೆ ಉಳಿಯುವ ನೆಲ



ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್‌ಗಳನ್ನು ಒಯ್ಯುವ ಸುಮಾರು 360 ಕಿಲೋಮೀಟರ್ ಉದ್ದದ ಕೊಳವೆಮಾರ್ಗವು 2003ರಿಂದ ಪಶ್ಚಿಮಘಟ್ಟವನ್ನೇರಿ ಸಾಗುತ್ತಿದೆ. ಅಲ್ಲಲ್ಲಿ ನೆಟ್ಟ ಗುರುತುಕಂಬಗಳ ಹೊರತು ಅದರ ಇರವು ಕಣ್ಣಿಗೆ ಬೀಳದು. 2021ರಲ್ಲಿ ಬಂಟ್ವಾಳ ತಾಲೂಕಿನಲ್ಲಿ ಕೊಳವೆಗೆ ಕನ್ನ ಕೊರೆದು ಡೀಸೆಲ್ ಕದಿಯುತ್ತಿದ್ದುದು ಪತ್ತೆಯಾದಾಗ ಮಾತ್ರ ಹಲವರಿಗೆ ಅದರ ನೆನಪಾಯಿತು. ತುಕ್ಕು, ಬೆಸುಗೆಯ ದೋಷ, ಜೆಸಿಬಿಯ ಹಲ್ಲು, ಕಳ್ಳನ ಕೈ, ಹೀಗೆ ಸೋರಿಕೆಗೆ ದಾರಿಗಳು ಹಲವು. ಸೋರಿದ ಬಳಿಕ ನೆಲವನ್ನು ಶುದ್ಧಗೊಳಿಸುವುದೆಂದರೆ ಏನು? ಇದಕ್ಕೆ ಉತ್ತರ ಹುಡುಕುವವರು ಅಮೆರಿಕದ ಮಿನೆಸೋಟ ರಾಜ್ಯದ ಬೆಮಿಜಿ ಎಂಬ ಊರಿನತ್ತ ನೋಡಬೇಕಾಗುತ್ತದೆ.

ಅಲ್ಲಿ 1979ರ ಆಗಸ್ಟ್ 20ರಂದು ಕಚ್ಚಾ ತೈಲದ ಕೊಳವೆಯೊಂದು ಒಡೆದು ಸುಮಾರು 17 ಲಕ್ಷ ಲೀಟರ್ ತೈಲ ಮರಳುಮಿಶ್ರಿತ ನೆಲದ ಮೇಲೆ ಚಿಮ್ಮಿತು. ನಿಂತ ತೈಲವನ್ನು ಪಂಪುಗಳಿಂದ ಎತ್ತಿದರು, ಕಂದಕ ತೋಡಿ ಹಿಡಿದರು, ಸ್ವಲ್ಪವನ್ನು ಸುಟ್ಟರು, ನೆನೆದ ಮಣ್ಣನ್ನು ಅಗೆದು ಸಾಗಿಸಿದರು. ಇಷ್ಟೆಲ್ಲ ಆದ ಮೇಲೂ ಸುಮಾರು 4 ಲಕ್ಷ ಲೀಟರ್ ಭೂಗರ್ಭದಲ್ಲೇ ಉಳಿಯಿತು. 1983ರಿಂದ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ ವಿಜ್ಞಾನಿಗಳು ಆ ನೆಲವನ್ನೇ ಪ್ರಯೋಗಶಾಲೆಯಾಗಿಸಿಕೊಂಡರು. 1999ರ ನಂತರ ಐದಾರು ವರ್ಷ ಮತ್ತೆ ಪಂಪು ಹಚ್ಚಿ ತೈಲವನ್ನು ತೆಗೆಯಲಾಯಿತು. ಆದರೂ ಅವಘಡದ ನಾಲ್ಕು ದಶಕಗಳ ಬಳಿಕ ಅಂತರ್ಜಲದ ಮೇಲೆ ತೈಲ ತೇಲುತ್ತಲೇ ಇತ್ತು.

ಇದರಲ್ಲಿ ಸಮಾಧಾನದ ಸಂಗತಿಯೂ ಇದೆ. ಮಣ್ಣಿನ ಸೂಕ್ಷ್ಮಜೀವಿಗಳು ತೈಲವನ್ನು ಉಣ್ಣುತ್ತವೆ. ಮೊದಲು ಆಮ್ಲಜನಕವನ್ನು ಬಳಸಿ, ಅದು ಮುಗಿದಾಗ ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣಗಳನ್ನು ಆಶ್ರಯಿಸಿ, ಕೊನೆಗೆ ಮಿಥೇನ್ ಅನಿಲವನ್ನು ಹೊರಬಿಟ್ಟು ಅವು ಬದುಕುತ್ತವೆ. ಬೆಮಿಜಿಯಲ್ಲಿ ನೀರಿನಲ್ಲಿ ಕರಗಿದ ಬೆಂಜೀನ್ ಮೊದಲ ಎರಡು ದಶಕಗಳಲ್ಲಿ ಸುಮಾರು 200 ಮೀಟರಿನಾಚೆಗೆ ಹಬ್ಬದಿರಲು ಈ ಜೀವಿಗಳೇ ಕಾರಣ. ಆದರೆ ಅವು ಕಬ್ಬಿಣದ ಆಕ್ಸೈಡನ್ನು ಬಳಸಿದಾಗ, ಅದಕ್ಕೆ ಅಂಟಿಕೊಂಡು ತೆಪ್ಪಗಿದ್ದ ನೈಸರ್ಗಿಕ ಆರ್ಸೆನಿಕ್ ಬಿಡುಗಡೆಯಾಗಿ ಅಲ್ಲಿನ ಅಂತರ್ಜಲದಲ್ಲಿ ಕುಡಿಯುವ ನೀರಿನ ಮಿತಿಯನ್ನು ಮೀರಿತು. ತೈಲದಲ್ಲಿ ಇಲ್ಲದ ವಿಷವೊಂದು ತೈಲದ ನೆಪದಲ್ಲಿ ನೀರಿಗಿಳಿದ ಬಗೆ ಇದು.

ಮಲೆನಾಡಿನ ಸ್ಥಿತಿ ಬೇರೆ. ಇಲ್ಲಿ ಹರಿಯುವುದು ಕಚ್ಚಾ ತೈಲವಲ್ಲ. ಅದಕ್ಕಿಂತ ತೆಳುವಾದ, ಬೇಗ ಇಂಗುವ ಪೆಟ್ರೋಲ್, ಡೀಸೆಲ್. ಕೊಳವೆ ಹೂಳಲು ತೋಡಿದ ಕಾಲುವೆಗೆ ಮರಳಿ ತುಂಬಿದ ಮಣ್ಣು ಸುತ್ತಲಿನ ನೆಲಕ್ಕಿಂತ ಸಡಿಲವಾಗಿರುತ್ತದೆ. ಇಳಿಜಾರಿನಲ್ಲಿ ಆ ಕಾಲುವೆಯೇ ತೈಲಕ್ಕೆ ಹಾದಿಯಾಗಿ, ಸೋರಿದ್ದು ಒಂದು ಕಡೆ, ಒರತೆಯಲ್ಲಿ ಎದ್ದದ್ದು ಕೆಳಗಿನ ತೋಟದಲ್ಲಿ ಎಂಬಂತಾಗಬಹುದು. ಇನ್ನು ಜಂಬಿಟ್ಟಿಗೆ ನೆಲದಲ್ಲಿ ಕಬ್ಬಿಣ ಹೇರಳ. ಆದ್ದರಿಂದ ಬಾವಿಯ ನೀರಿನ ಪರೀಕ್ಷೆ ಬೆಂಜೀನ್‌ಗೆ ಮುಗಿಯಬಾರದು. ಕಬ್ಬಿಣ, ಮ್ಯಾಂಗನೀಸ್, ಆರ್ಸೆನಿಕ್‌ಗಳೂ ಸೇರಬೇಕು.

ಶುದ್ಧೀಕರಣದ ವಿಧಾನಗಳಲ್ಲಿ ಕಲುಷಿತ ಮಣ್ಣನ್ನು ತೆಳ್ಳಗೆ ಹರಡಿ, ಸಾರಜನಕ ರಂಜಕಗಳನ್ನು ಬೆರೆಸಿ, ಹದವಾದ ತೇವ ಉಳಿಸಿ, ಆಗಾಗ ಉಳುವುದು ಅಗ್ಗದ್ದು. ಬಯಲುಸೀಮೆಗೆ ಇದು ಒಗ್ಗೀತು. ಘಟ್ಟದ ಮಳೆಗೆ ಹಾಗೆ ತೆರೆದಿಟ್ಟ ಮಣ್ಣು ಹಳ್ಳದ ಪಾಲು. ಕೆಳಗೆ ನೀರಿಳಿಯದ ಹಾಸು, ಮೇಲೆ ಸೂರು, ಬಸಿದ ನೀರನ್ನು ಹಿಡಿಯುವ ಗುಂಡಿ ಇಲ್ಲದೆ ಆ ಕೆಲಸಕ್ಕೆ ಒಪ್ಪಲೇಬಾರದು. ದೆಹಲಿಯ ತೇರಿ ಸಂಸ್ಥೆ ರೂಪಿಸಿದ ‘ಆಯಿಲ್‌ಜ್ಯಾಪರ್’ ಎಂಬ ಬ್ಯಾಕ್ಟೀರಿಯಾ ಮಿಶ್ರಣ ಸಂಸ್ಕರಣಾಗಾರಗಳ ಎಣ್ಣೆಗಸಿಗೆ ಬಳಕೆಯಾಗಿದೆ. ಆದರೆ ಪುಡಿ ಎರಚಿದ ಮಾತ್ರಕ್ಕೆ ಹತ್ತಾರು ಅಡಿ ಆಳದ ತೈಲ ಕರಗೀತೆಂದು ನಂಬಬೇಕಿಲ್ಲ. ಗಾಳಿ ತಲುಪದ ಕಡೆ ಜೀವಿಗಳ ಕೆಲಸ ಬಹಳ ನಿಧಾನ. ಸಾಬೂನುದ್ರಾವಣ ಸುರಿದು ತೊಳೆಯುವುದು ಇನ್ನೂ ಕೆಟ್ಟದ್ದು, ತೈಲ ಮತ್ತಷ್ಟು ಕೆಳಗಿಳಿಯುತ್ತದೆ. ತೈಲ ಹರಿಯುತ್ತಿರುವ ಕೊಳವೆಯ ಪಕ್ಕದಲ್ಲಿ ಯಂತ್ರದಿಂದ ಅಗೆಯುವಂತೆಯೂ ಇಲ್ಲ. ಕೈಗುದ್ದಲಿ ಹಿಡಿದು, ಕೊಳವೆಗೆ ಆಧಾರ ಕೊಟ್ಟು, ಅದರ ಹೊದಿಕೆಗೆ ಗಾಯವಾಗದಂತೆ ಮಣ್ಣು ತೆಗೆಯಬೇಕು. ಅವಸರಪಟ್ಟರೆ ಎರಡನೆಯ ಸೋರಿಕೆ.

ಇವೆಲ್ಲಕ್ಕೂ ಮುಂಚೆ ಆಗಬೇಕಾದದ್ದೊಂದಿದೆ. ಸೋರಿಕೆಗೆ ಮೊದಲು ಬಾವಿಯ ನೀರು ಹೇಗಿತ್ತು ಎಂಬ ದಾಖಲೆ ಇಲ್ಲದಿದ್ದರೆ, ಆಮೇಲೆ ಕೆಟ್ಟಿತೆಂದು ಸಾಧಿಸುವ ಹೊಣೆ ಬಾವಿಯೊಡೆಯನ ತಲೆಗೇ ಬರುತ್ತದೆ. ಕೊಳವೆಯ ಇಕ್ಕೆಲದ ಬಾವಿಗಳ, ಒರತೆಗಳ ನೀರನ್ನು ಮಳೆಗಾಲಕ್ಕೆ ಮುನ್ನ ಒಮ್ಮೆ, ನಂತರ ಒಮ್ಮೆ ಪರೀಕ್ಷಿಸಿ ಗ್ರಾಮ ಪಂಚಾಯಿತಿಯಲ್ಲಿ ವರದಿ ಇಡಿಸುವುದು ಗ್ರಾಮಸಭೆಯ ಠರಾವಿನಿಂದ ಆರಂಭವಾಗಬಹುದಾದ ಕಾರ್ಯ. ಸೋರಿಕೆಯಾದರೆ, ಮಣ್ಣು ಸಾಗಿಸಿದ ದಿನದಂದೇ ‘ಶುದ್ಧವಾಗಿದೆ’ ಎಂದು ಕಾಗದಕ್ಕೆ ಸಹಿ ಬೀಳದಂತೆ, ವರ್ಷಗಟ್ಟಲೆ ನೀರು ನೋಡುವ ಕರಾರನ್ನು ಅದೇ ಠರಾವಿನಲ್ಲಿ ಬರೆಸಬೇಕು.

ಬಾವಿಯಲ್ಲಿ ಪೆಟ್ರೋಲಿನ ವಾಸನೆ ಬಂದರೆ ದೀಪ ಹಚ್ಚಬಾರದು, ಒಳಗಿಳಿಯಬಾರದು, ಪಂಪು ಹಾಕಬಾರದು. ಹಾಕಿದರೆ ಕಿಡಿಯ ಭಯ ಒಂದೆಡೆ, ತೈಲ ಬಾವಿಯತ್ತಲೇ ಸೆಳೆಯಲ್ಪಡುವುದು ಇನ್ನೊಂದೆಡೆ. ಗುರುತುಕಂಬದ ಮೇಲಿನ ದೂರವಾಣಿ ಸಂಖ್ಯೆಗೆ ತಕ್ಷಣ ತಿಳಿಸಿ. ಮಾದರಿ ತೆಗೆಯಲು ಬಂದವರು ಗಾಜಿನ ಸೀಸೆಯನ್ನು ಗಾಳಿ ಉಳಿಯದಂತೆ ಕಂಠಪೂರ್ತಿ ತುಂಬಿ, ಬಿಗಿಯಾಗಿ ಮುಚ್ಚಿ, ತಂಪಿನಲ್ಲಿಟ್ಟು ಒಯ್ಯುತ್ತಿದ್ದಾರೆಯೇ ಎಂದು ನಿಂತು ನೋಡಿ. ಅರೆತುಂಬಿದ ಪ್ಲಾಸ್ಟಿಕ್ ಬಾಟಲಿಯಲ್ಲಿ ಹೋದ ಬೆಂಜೀನ್ ಪ್ರಯೋಗಾಲಯ ತಲುಪುವ ಮೊದಲೇ ಬಹುಪಾಲು ಹಾರಿಹೋಗಿರುತ್ತದೆ.