ತಪ್ಪಾದ ಮೈಕಿಗೆ ಸಿಕ್ಕ ರಾತ್ರಿ



ಟಿವಿ ಪರದೆಯ ಮೂಲೆಯಲ್ಲಿ ಕೆಂಪಗೆ ‘ಲೈವ್’ ಅಂತ ಬಂದರೆ ಸಾಕು, ಚಾನೆಲ್ ಬದಲಾಯಿಸೋಕೆ ಹೊರಟ ಕೈ ಒಂದು ಕ್ಷಣ ನಿಲ್ಲುತ್ತೆ. ಮುಂದೇನಾಗುತ್ತೆ ಅಂತ ನಿಮಗೂ ಗೊತ್ತಿಲ್ಲ, ತೋರಿಸ್ತಾ ಇರೋ ನಮಗೂ ಗೊತ್ತಿಲ್ಲ. ಆ ಒಂದು ಪದದ ಮೇಲೆ ನೀವಿಟ್ಟಿರುವ ನಂಬಿಕೆ ಅಂಥದ್ದು. ಆ ನಂಬಿಕೆಯ ಬಗ್ಗೆ ಇವತ್ತು ಒಂದು ಕಥೆ ಹೇಳ್ತೀನಿ. ರಾಜಕೀಯದ್ದಲ್ಲ, ಗಾಬರಿಯಾಗಬೇಡಿ. ಸಂಗೀತದ್ದು.

1956ರ ಜುಲೈ 7, ಶನಿವಾರ. ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ನ್ಯೂಪೋರ್ಟ್ ಅನ್ನೋ ಕಡಲತೀರದ ಊರು. ಸಿರಿವಂತರು ಬೇಸಿಗೆ ಕಳೆಯೋಕೆ ಬರುವ ಜಾಗ. ಅಲ್ಲಿ 1954ರಿಂದ ಜಾಝ್ ಉತ್ಸವ ನಡೀತಾ ಇತ್ತು. ಆ ರಾತ್ರಿ ವೇದಿಕೆಗೆ ಬರಬೇಕಿದ್ದವರು ಡ್ಯೂಕ್ ಎಲಿಂಗ್ಟನ್ ಮತ್ತು ಅವರ ವಾದ್ಯವೃಂದ.

ಎಲಿಂಗ್ಟನ್ ಅಂದರೆ ದೊಡ್ಡ ಹೆಸರು. ಆದರೆ ಆ ಹೊತ್ತಿಗೆ ಅದು ಹಳೆಯ ಹೆಸರು. ವಯಸ್ಸು 57. ದೊಡ್ಡ ತಂಡ ಕಟ್ಟಿಕೊಂಡು ಊರೂರು ಸುತ್ತುವ ಕಾಲ ಮುಗಿದಿತ್ತು. ಹಿಂದಿನ ವರ್ಷದ ಬೇಸಿಗೆಯಲ್ಲಿ ಇದೇ ತಂಡ ನ್ಯೂಯಾರ್ಕಿನಲ್ಲಿ ಒಂದು ನೀರಾಟದ ಪ್ರದರ್ಶನಕ್ಕೆ ಹಿನ್ನೆಲೆ ಸಂಗೀತ ನುಡಿಸಿ ಹೊಟ್ಟೆ ಹೊರೆದಿತ್ತು. ಈ ಉತ್ಸವಕ್ಕೆ ಅಂತಲೇ ಎಲಿಂಗ್ಟನ್ ತಮ್ಮ ಜೊತೆಗಾರ ಬಿಲ್ಲಿ ಸ್ಟ್ರೇಹಾರ್ನ್ ಜೊತೆ ಕೂತು ಮೂರು ಭಾಗಗಳ ಹೊಸ ಕೃತಿ ರಚಿಸಿದ್ದರು. ಅದನ್ನ ಧ್ವನಿಮುದ್ರಿಸಿಕೊಳ್ಳೋಕೆ ಕೊಲಂಬಿಯಾ ಕಂಪನಿ ಸಲಕರಣೆ ಸಮೇತ ಬಂದು ಕೂತಿತ್ತು.

ಶುರುವೇ ಸರಿ ಇರಲಿಲ್ಲ. ಮೊದಲ ಸರದಿಗೆ ತಂಡದ ನಾಲ್ವರು ಬಂದೇ ಇರಲಿಲ್ಲ. ಎರಡು ಮೂರು ತುಣುಕು ನುಡಿಸಿ ಕೆಳಗಿಳಿದರು. ಆಮೇಲೆ ಬೇರೆಯವರೆಲ್ಲ ನುಡಿಸಿ ಮುಗಿಯುವ ತನಕ ಕಾಯಬೇಕಾಯ್ತು. ಮತ್ತೆ ವೇದಿಕೆ ಹತ್ತಿದಾಗ ಮಧ್ಯರಾತ್ರಿಗೆ ಹತ್ತಿರ. ಜನ ಎದ್ದು ಹೊರಡೋಕೆ ಶುರು ಮಾಡಿದ್ದರು. ಹೊಸ ಕೃತಿ ನುಡಿಸಿದರು, ಚಪ್ಪಾಳೆ ಬಂತು, ಮರ್ಯಾದೆಗೆ ಕೊಡುವ ಚಪ್ಪಾಳೆ.

ಆಗ ಎಲಿಂಗ್ಟನ್ 1937ರ ಒಂದು ಹಳೇ ಜೋಡಿ ರಚನೆಯನ್ನ ತೆಗೆದರು. ‘ಡಿಮಿನ್ಯುಯೆಂಡೊ ಅಂಡ್ ಕ್ರೆಸೆಂಡೊ ಇನ್ ಬ್ಲೂ’. ಎರಡು ತುಂಡು, ಮಧ್ಯದಲ್ಲಿ ಒಂದು ಖಾಲಿ ಜಾಗ. ಆ ಜಾಗವನ್ನ ಒಬ್ಬ ವಾದಕ ತನ್ನ ಮನೋಧರ್ಮದಿಂದ ತುಂಬಬೇಕು. ಅವತ್ತು ಅದು ಪಾಲ್ ಗೊನ್ಸಾಲ್ವೆಸ್ ಅನ್ನೋ ಟೆನರ್ ಸ್ಯಾಕ್ಸೊಫೋನ್ ವಾದಕನ ಪಾಲಿಗೆ ಬಂತು. ವಯಸ್ಸು 35. ತಂಡದ ತಾರೆ ಅವನಲ್ಲ, ತಾರೆಯಾಗಿದ್ದವನು ಜಾನಿ ಹಾಡ್ಜಸ್. ಎಷ್ಟು ಹೊತ್ತು ನುಡಿಸಬೇಕು? ಯಾರೂ ಬರೆದಿಟ್ಟಿರಲಿಲ್ಲ. ನಿನಗೆ ಎಷ್ಟು ಹೊತ್ತು ನುಡಿಸಬೇಕು ಅನ್ನಿಸುತ್ತೋ ಅಷ್ಟು ಹೊತ್ತು.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಿಬಿಡ್ತೀನಿ. ‘ಆಶು’ ಅಂದರೆ ಮನಸ್ಸಿಗೆ ಬಂದಿದ್ದನ್ನ ಊದೋದು ಅಂತ ಅಂದುಕೊಳ್ಳಬೇಡಿ. ಬ್ಲೂಸ್‌ನಲ್ಲಿ ಒಂದು ಸುತ್ತಿಗೆ 12 ಗಣ, ಒಂದು ಗಣಕ್ಕೆ 4 ಪೆಟ್ಟು. ಸ್ವರಮೇಳಗಳು ಯಾವ ಕ್ರಮದಲ್ಲಿ ಬರಬೇಕು ಅನ್ನೋದು ಮೊದಲೇ ಗಟ್ಟಿ. ಸುತ್ತು ಮುಗಿದರೆ ಮತ್ತೆ ಮೊದಲಿಂದ. ತಾಳದ ಆವರ್ತನ ತಪ್ಪದೆ ಕಲ್ಪನಾಸ್ವರ ಹಾಕೋದನ್ನ ಕೇಳಿದವರಿಗೆ ಇದು ಅರ್ಥವಾಗುತ್ತೆ. ಗೊನ್ಸಾಲ್ವೆಸ್ ಅಂಥ 27 ಸುತ್ತು ನುಡಿಸಿದ. ಇಂಜಿನಿಯರಿಂಗ್ ಓದಿದವನು ನಾನು, ಲೆಕ್ಕ ಹಾಕದೆ ಇರೋಕಾಗಲ್ಲ. 324 ಗಣ, 1,296 ಪೆಟ್ಟು. ಆರು ನಿಮಿಷಕ್ಕೂ ಮಿಕ್ಕಿ, ಒಂದೇ ಉಸಿರಿನ ಹಾಗೆ. ಹಿಂದೆ ಡ್ರಮ್ಸ್ ಮತ್ತು ಬಾಸ್ ಬಿಟ್ಟೂಬಿಡದೆ ಓಡ್ತಾ ಇವೆ. ಎಲಿಂಗ್ಟನ್ ಪಿಯಾನೋ ಮುಂದೆ ಕೂತು ಹುರಿದುಂಬಿಸಿ ಕೂಗ್ತಾ ಇದ್ದಾರೆ. ವೇದಿಕೆಯ ಅಂಚಿನಲ್ಲಿ ಜೋ ಜೋನ್ಸ್ ಅನ್ನೋ ಹಿರಿಯ ಡ್ರಮ್ಮರ್, ಆ ತಂಡದವನೂ ಅಲ್ಲ, ಮಡಚಿದ ಪತ್ರಿಕೆಯಲ್ಲಿ ಹಲಗೆ ಬಡಿದು ಲಯ ಕೊಡ್ತಾ ಇದ್ದಾನೆ.

ಆರೇಳು ಸುತ್ತು ಆಗುವಷ್ಟರಲ್ಲಿ ಮುಂದಿನ ಸಾಲುಗಳ ಕಡೆ ಕಪ್ಪು ಉಡುಪಿನ ಒಬ್ಬ ಹೆಂಗಸು ಎದ್ದು ಕುಣಿಯೋಕೆ ಶುರು ಮಾಡಿದಳು. ಅವಳನ್ನ ನೋಡಿ ಇನ್ನೊಬ್ಬರು, ಮತ್ತೊಬ್ಬರು. ಹೊರಟಿದ್ದವರು ವಾಪಸ್ ಬಂದರು. ಸುಮಾರು 7,000 ಜನ, ಕುರ್ಚಿಗಳ ಮೇಲೆ ಹತ್ತಿ ನಿಂತರು. ಗಲಾಟೆ ಆಗಿಬಿಡುತ್ತೆ ಅಂತ ಹೆದರಿದ ಸಂಘಟಕ ಜಾರ್ಜ್ ವೀನ್, ಸಾಕು ನಿಲ್ಲಿಸಿ ಅಂತ ಸನ್ನೆ ಮಾಡಿದರು. ಎಲಿಂಗ್ಟನ್ ನಿಲ್ಲಿಸಲಿಲ್ಲ. ಥಟ್ಟನೆ ನಿಲ್ಲಿಸಿದ್ದರೇ ಅಪಾಯವಾಗ್ತಿತ್ತು. ರಚನೆ ಮುಗಿಸಿ, ಹಾಡ್ಜಸ್‌ನನ್ನ ಮುಂದೆ ಕರೆದು ನಿಧಾನಗತಿಯ ಒಂದು ಹಾಡು ನುಡಿಸಿಸಿದರು. ಕುದೀತಾ ಇದ್ದ ಜನರನ್ನ ತಣ್ಣಗಾಗಿಸಿದ್ದು ಲಾಠಿ ಅಲ್ಲ, ಆ ಹಾಡು. ಮುಂದಿನ ತಿಂಗಳು ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಎಲಿಂಗ್ಟನ್. ನಾನು ಹುಟ್ಟಿದ್ದೇ 1956ರ ನ್ಯೂಪೋರ್ಟಿನಲ್ಲಿ ಅಂತ ಅವರು ಆಮೇಲೆ ಹೇಳಿಕೊಳ್ತಾ ಇದ್ದರು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇವತ್ತು ಹೇಳ್ತಾನೇ ಇರಲಿಲ್ಲ.

ವೇದಿಕೆಯ ಮೇಲೆ ಒಂದಕ್ಕಿಂತ ಹೆಚ್ಚು ಮೈಕು ಇದ್ದವು. ಒಂದು ಕಡೆ ಕೊಲಂಬಿಯಾ ಕಂಪನಿಯದ್ದು, ಇನ್ನೊಂದು ಕಡೆ ವಾಯ್ಸ್ ಆಫ್ ಅಮೆರಿಕ ರೇಡಿಯೋದ್ದು. ಗೊನ್ಸಾಲ್ವೆಸ್ ಹೋಗಿ ನಿಂತಿದ್ದು ರೇಡಿಯೋದವರ ಮೈಕಿನ ಮುಂದೆ! ದುಡ್ಡು ಸುರಿದು ಬಂದ ಕಂಪನಿಯ ಟೇಪಿನಲ್ಲಿ ಅವನ ವಾದ್ಯ ದೂರದಲ್ಲೆಲ್ಲೋ ಕೇಳಿದ ಹಾಗೆ. ಇನ್ನು ಹೊಸ ಕೃತಿ ಕಂಪನಿಗೆ ಬೇಕಾದಷ್ಟು ಅಚ್ಚುಕಟ್ಟಾಗಿ ಬಂದಿರಲಿಲ್ಲ. ಹಾಗಾಗಿ ಸೋಮವಾರ ತಂಡವನ್ನ ನ್ಯೂಯಾರ್ಕಿನ ಸ್ಟುಡಿಯೋಗೆ ಕರೆಸಿ ಮತ್ತೆ ನುಡಿಸಿಸಿದರು. ಅದರ ಮೇಲೆ ಜನರ ಕೂಗು, ಚಪ್ಪಾಳೆ ಅಂಟಿಸಿದರು. ‘ನ್ಯೂಪೋರ್ಟಿನಲ್ಲಿ ಎಲಿಂಗ್ಟನ್’ ಅನ್ನೋ ಹೆಸರಲ್ಲಿ ತಟ್ಟೆ ಮಾರುಕಟ್ಟೆಗೆ ಬಂತು, ಎಲಿಂಗ್ಟನ್ ಜೀವಮಾನದಲ್ಲೇ ಅತಿ ಹೆಚ್ಚು ಮಾರಾಟವಾಯ್ತು. ಆ ರಾತ್ರಿಯ ಬಯಲಲ್ಲೇ ಕೂತಿದ್ದೀವಿ ಅಂದುಕೊಂಡು ಜನ ವರ್ಷಗಟ್ಟಲೆ ಕೇಳಿದ್ದರಲ್ಲಿ ಎಷ್ಟೋ ಭಾಗ ನಾಲ್ಕು ಗೋಡೆಗಳ ಒಳಗಿನದು.

ನಿಜ ಹೊರಬಂದಿದ್ದು ಹೇಗೆ? ಆ ‘ತಪ್ಪು’ ಮೈಕಿನಿಂದ. ರೇಡಿಯೋದವರ ಟೇಪು 1990ರ ದಶಕದಲ್ಲಿ ಸಿಕ್ಕಿತು. ಒಂದೇ ರಾತ್ರಿಯನ್ನ ಎರಡು ಬೇರೆ ಬೇರೆ ಯಂತ್ರಗಳು ದಾಖಲಿಸಿದ್ದವು. ಎರಡನ್ನೂ ಕಂಪ್ಯೂಟರಿನಲ್ಲಿ ತಾಳೆ ಹಾಕಿ, ಒಂದು ಎಡಕ್ಕೆ, ಒಂದು ಬಲಕ್ಕೆ ಇಟ್ಟು, 1999ರಲ್ಲಿ ಸ್ಟೀರಿಯೋ ಆವೃತ್ತಿ ತಂದರು. ಘಟನೆ ನಡೆದು 43 ವರ್ಷಕ್ಕೆ ಗೊನ್ಸಾಲ್ವೆಸ್ ಜನರಿಗೆ ಸರಿಯಾಗಿ ಕೇಳಿಸಿದ. ಅದನ್ನ ಕೇಳೋಕೆ ಅವನಿರಲಿಲ್ಲ. 1974ರಲ್ಲೇ ತೀರಿಕೊಂಡಿದ್ದ. ಕೆಲವೇ ದಿನಗಳ ಅಂತರದಲ್ಲಿ ಎಲಿಂಗ್ಟನ್ ಕೂಡ.

ಕಂಪನಿಯವರನ್ನ ಖಳನಾಯಕರು ಅಂತ ನಾನು ಹೇಳ್ತಿಲ್ಲ. ಅವರಿಗಿದ್ದದ್ದು ಭಯ. ಅಪಸ್ವರ ಕೇಳಿದರೆ ಜನ ಕೊಳ್ಳಲ್ಲ ಅನ್ನೋ ಭಯ. ನಮ್ಮ ಉದ್ಯಮಕ್ಕೂ ಇರೋದು ಅದೇ ಭಯ. ನಿನ್ನೆಯ ದೃಶ್ಯ ಇವತ್ತಿನದು ಅನ್ನೋ ಹಾಗೆ ಓಡುತ್ತೆ. ಮೌನ ಇದ್ದ ಕಡೆ ಹಿನ್ನೆಲೆ ಸಂಗೀತ ತುಂಬುತ್ತೆ. ಚರ್ಚೆಯಲ್ಲಿ ಎಂಟು ಕಿಟಕಿ, ಎಂಟು ಮುಖ, ಯಾರ ಸಾಲು ಯಾವುದು ಅಂತ ಮೊದಲೇ ಗೊತ್ತು. ಎಲ್ಲರೂ ಒಟ್ಟಿಗೆ ಕೂಗಿದರೆ ಅದು ಲೈವ್ ಆಗಿಬಿಡುತ್ತಾ? ಅವತ್ತು ಒಬ್ಬ ನುಡಿಸುವಾಗ ತಂಡದ ಉಳಿದವರು ವಾದ್ಯ ಕೆಳಗಿಟ್ಟು ಕೇಳಿದರು. ಯಜಮಾನ ತನ್ನ ಹೊಸ ಕೃತಿಯನ್ನ ಮರೆತು, ತನ್ನ ಕೆಲಸಗಾರನಿಗೆ ಜಾಗ ಬಿಟ್ಟ. ಅಷ್ಟು ಮಾಡಿದ್ದಕ್ಕೆ ಎಲ್ಲಾ ಮೂಡಿಬಂತು.

ಇಬ್ಬರು ಬೇರೆ ಬೇರೆ ಕಡೆಯಿಂದ ದಾಖಲಿಸಿದ್ದರಿಂದ ಆ ರಾತ್ರಿಯ ನಿಜ ಉಳೀತು. ಒಬ್ಬರದೇ ಟೇಪಿದ್ದಿದ್ದರೆ ಚಪ್ಪಾಳೆ ಅಂಟಿಸಿದ್ದೇ ಇತಿಹಾಸ. ಅದಕ್ಕೇ ನಾನು ಈ ಕುರ್ಚಿಯಲ್ಲಿ ಕೂತೇ ಹೇಳ್ತೀನಿ, ಇವತ್ತಿನ ಸುದ್ದಿಯನ್ನ ನಮ್ಮಲ್ಲಿ ನೋಡಿ, ಆಮೇಲೆ ಇನ್ನೊಂದು ಕಡೆಯೂ ನೋಡಿ.