ಬೆಳೆದ ಮಗು, ವರ್ತನಾ ಚಿಕಿತ್ಸೆ ಮತ್ತು ಮನೆಮಾತು

(ಕಳಂಬೋಲಿಯಲ್ಲಿ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯಿಂದ ಗಡಿಯ ಪ್ರಶ್ನೆಯನ್ನು ಕುರಿತು, ಮಹಾರಾಷ್ಟ್ರದ ಕನ್ನಡ ಶಾಲೆಗಳ ಸ್ಥಿತಿಯನ್ನು ಕುರಿತು ಬಲ್ಲವರು ಅನೇಕರು ಮಾತನಾಡಿದ್ದಾರೆ. ನಾನು ಇಂದು ಆಡಹೊರಟಿರುವುದು ಮೇಲ್ನೋಟಕ್ಕೆ ಆಸ್ಪತ್ರೆಯ ವಿಷಯ. ಆದರೆ ಅದರ ನಡುವೆ ಭಾಷೆಯ ಪ್ರಶ್ನೆಯಿದೆ, ಸರ್ಕಾರದ ಪ್ರಶ್ನೆಯಿದೆ, ನಮ್ಮಂಥ ಸಂಘಗಳು ಯಾವುದಕ್ಕಾಗಿ ಇವೆ ಎಂಬ ಪ್ರಶ್ನೆಯೂ ಇದೆ. ಆದ್ದರಿಂದಲೇ ಕಾರ್ಯದರ್ಶಿಗಳು ಕೇಳಿದಾಗ ಒಪ್ಪಿಕೊಂಡೆ. ನಾನು ವೈದ್ಯನಲ್ಲ, ಇಲ್ಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಲೆಕ್ಕ ಬರೆಯುವವನು. ನನ್ನ ಮಗನಿಗೆ ಆಟಿಸಂ ಇದೆ. ಅವನಿಗೀಗ ಹದಿಮೂರು ವರ್ಷ. ತೀವ್ರ ಸ್ವರೂಪದ ವರ್ತನಾ ಚಿಕಿತ್ಸೆ ಆರಂಭವಾದದ್ದು ಹನ್ನೊಂದರಲ್ಲಿ. ಅಷ್ಟು ಬೆಳೆದ ಮಗುವಿಗೆ ಅದನ್ನು ಆರಂಭಿಸುವುದರಲ್ಲಿ ಅರ್ಥವಿದೆಯೇ, ಇದ್ದರೆ ಎಂಥ ಅರ್ಥ ಎಂಬುದಷ್ಟೇ ನನ್ನ ವಿಷಯ.

ಆಟಿಸಂಗೆ ಕನ್ನಡದಲ್ಲಿ ‘ಸ್ವಲೀನತೆ’ ಎನ್ನುತ್ತಾರೆ, ಇಲ್ಲಿಯ ಮರಾಠಿಯಲ್ಲಿ ‘ಸ್ವಮಗ್ನತಾ’. ಎರಡೂ ಮಗು ತನ್ನೊಳಗೆ ತಾನು ಮುಳುಗಿದೆ ಎನ್ನುತ್ತವೆ. ದಿನವೂ ಮನೆಯಲ್ಲಿ ನೋಡುವವನಾಗಿ ನನಗೆ ಈ ಎರಡೂ ಪದಗಳ ಮೇಲೆ ತಕರಾರಿದೆ. ನನ್ನ ಮಗ ಮುಳುಗಿಲ್ಲ. ಹೊರಗಿನ ಸದ್ದು, ಬೆಳಕು, ಜನ ಎಲ್ಲವೂ ಒಮ್ಮೆಲೇ ಅವನ ಮೇಲೆ ಬಂದು ಬೀಳುತ್ತವೆ. ಹಾಗೆಂದು ಹೇಳುವ ದಾರಿ ಅವನಿಗೆ ಇರಲಿಲ್ಲ. ಆದ್ದರಿಂದ ಆಟಿಸಂ ಎಂಬ ಪರದೇಶಿ ಪದವನ್ನೇ ಬಳಸುತ್ತೇನೆ.

1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ವಿವರಿಸಿ ಈ ಸ್ಥಿತಿಗೆ ಹೆಸರು ಕೊಟ್ಟರು. ಮುಂದೆ ಬಹುಕಾಲ ತಾಯಿಯ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂಬ ವಾದ ನಡೆಯಿತು. ಸ್ವತಃ ಆಟಿಸಂ ಇದ್ದ ಮಗನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲೆಂಡ್ ಎಂಬ ಮನಃಶಾಸ್ತ್ರಜ್ಞರು 1964ರಲ್ಲಿ ಅದನ್ನು ಖಂಡಿಸಿ ಪುಸ್ತಕ ಬರೆದರು. ಆದರೂ 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಅದೇ ಹಳೆಯ ಆರೋಪವನ್ನು ಮತ್ತೊಂದು ದಪ್ಪ ಪುಸ್ತಕವಾಗಿಸಿದರು. ಆ ವಾದ ಬಿದ್ದುಹೋಗಿ ಎಷ್ಟೋ ಕಾಲವಾಯಿತು. ನಮ್ಮ ಮದುವೆ ಮುಂಜಿಗಳ ಪಂಕ್ತಿಯಲ್ಲಿ ಮಾತ್ರ ಇನ್ನೂ ಬದುಕಿದೆ.

ವರ್ತನಾ ಚಿಕಿತ್ಸೆಯ ಸುದ್ದಿ ಜಗತ್ತಿಗೆಲ್ಲ ಹರಡಿದ್ದು ಕ್ಯಾಲಿಫೋರ್ನಿಯಾದ ಐವರ್ ಲೊವಾಸ್ ಅವರ 1987ರ ವರದಿಯಿಂದ. ಹತ್ತೊಂಬತ್ತು ಮಕ್ಕಳಿಗೆ ವಾರಕ್ಕೆ ಸುಮಾರು 40 ಗಂಟೆಗಳಂತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕಲಿಸಲಾಯಿತು. ಅವರಲ್ಲಿ ಒಂಬತ್ತು ಮಕ್ಕಳು ಸಾಮಾನ್ಯ ಶಾಲೆಯ ಒಂದನೆಯ ತರಗತಿಯನ್ನು ಮುಗಿಸಿ ಬುದ್ಧಿಮಾಪನದಲ್ಲೂ ಸರಾಸರಿ ಮಟ್ಟಕ್ಕೆ ಬಂದರು ಎಂದು ಆ ವರದಿ ಹೇಳಿತು. ಈ ಒಂಬತ್ತನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆ ಮಕ್ಕಳೆಲ್ಲ ನಾಲ್ಕು ವರ್ಷ ತುಂಬುವ ಮೊದಲೇ ಸೇರಿದವರು, ಗುಂಪುಗಳನ್ನು ಚೀಟಿ ಎತ್ತಿ ಮಾಡಿರಲಿಲ್ಲ, ಗಟ್ಟಿಯಾಗಿ ಗದರುವುದು ಮತ್ತು ತೊಡೆಗೆ ಏಟು ಕೊಡುವುದು ಕೂಡ ಆ ವಿಧಾನದಲ್ಲಿ ಸೇರಿತ್ತು ಎಂಬುದನ್ನು ಹೇಳುವವರು ಕಡಿಮೆ. ಇಂದು ಒಳ್ಳೆಯ ಚಿಕಿತ್ಸಕರು ಯಾರೂ ಹೊಡೆಯುವುದಿಲ್ಲ. ಹೊಡೆಯುವವರು ಸಿಕ್ಕರೆ ಆ ದಿನವೇ ಮಗುವನ್ನು ಕರೆದುಕೊಂಡು ಬನ್ನಿ.

ವಯಸ್ಸಿನ ಬಗೆಗೆ ಇನ್ನೆರಡು ಅಧ್ಯಯನಗಳನ್ನು ಹೇಳಬೇಕು. 1985ರಲ್ಲಿ ಪ್ರಿನ್ಸ್‌ಟನ್ನಿನ ಒಂದು ಸಂಸ್ಥೆಯವರು, ಐದು ವರ್ಷಕ್ಕೆ ಮೊದಲು ಸೇರಿದ ಒಂಬತ್ತು ಮಕ್ಕಳಲ್ಲಿ ಆರು ಮಂದಿ ಮನೆಯಲ್ಲಿದ್ದು ಸಾರ್ವಜನಿಕ ಶಾಲೆಗೆ ಹೋಗುವಂತಾದರೆಂದೂ, ಆಮೇಲೆ ಸೇರಿದ ಒಂಬತ್ತರಲ್ಲಿ ಒಬ್ಬರು ಮಾತ್ರ ಹಾಗಾದರೆಂದೂ ಬರೆದರು. 2002ರಲ್ಲಿ ನಾರ್ವೆಯ ಐಕೆಸೆತ್ ಮತ್ತು ಸಂಗಡಿಗರು ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಶಾಲೆಯಲ್ಲೇ ವಾರಕ್ಕೆ ಸರಾಸರಿ 28 ಗಂಟೆ ಕಲಿಸಿ, ಒಂದು ವರ್ಷದಲ್ಲಿ ಗಣನೀಯ ಪ್ರಗತಿಯನ್ನು ತೋರಿಸಿದರು. ಒಂದು ಬಾಗಿಲು ಮುಚ್ಚುವ ಮಾತು, ಇನ್ನೊಂದು ತೆರೆಯುವ ಮಾತು. ಆದರೆ ಹನ್ನೊಂದರ ಹುಡುಗನ ಬಗೆಗೆ ಎರಡೂ ನೇರವಾಗಿ ಏನನ್ನೂ ಹೇಳುವುದಿಲ್ಲ. ಬೆಳೆದ ಮಗುವಿನ ತಂದೆತಾಯಿ ‘ಗುಣವಾಗುವುದು’ ಎಂಬ ಪದವನ್ನು ಪಕ್ಕಕ್ಕಿಟ್ಟು ಬೇರೆ ಪ್ರಶ್ನೆ ಕೇಳಬೇಕಾಗುತ್ತದೆ: ಇಪ್ಪತ್ತೈದು ವರ್ಷದವನಾದಾಗ ಇವನು ಯಾವುದನ್ನು ತಾನೇ ಮಾಡಿಕೊಳ್ಳಬೇಕು?

ಹೀಗೆ ಕೇಳಿದೊಡನೆ ಪಾಠಪಟ್ಟಿ ಬದಲಾಗುತ್ತದೆ. ನಾವು ಮೊದಲು ಹೋದ ಒಂದು ಕೇಂದ್ರದಲ್ಲಿ ಮೇಜಿನ ಮುಂದೆ ಕೂರಿಸಿ ‘ಟಚ್ ರೆಡ್’, ‘ಟಚ್ ಬ್ಲೂ’ ಎಂದು ತಿಂಗಳುಗಟ್ಟಲೆ ಮಾಡಿಸಿದರು. ಮೂರು ವರ್ಷದ ಮಗುವಿಗೆ ಅದು ಸರಿ ಇರಬಹುದು. ಮೀಸೆ ಚಿಗುರಲಿರುವ ಹುಡುಗನಿಗೆ ಬೇಕಾದದ್ದು ಸ್ನಾನ, ಬಚ್ಚಲ ಬಾಗಿಲು ಹಾಕಿಕೊಳ್ಳುವುದು, ರಸ್ತೆ ದಾಟುವುದು, ಕಾಯುವುದು, ನೋವು ಎಲ್ಲಿದೆ ಎಂದು ತೋರಿಸುವುದು. ಅಮೆರಿಕದ ಲೂ ಬ್ರೌನ್ ಎಂಬ ಶಿಕ್ಷಣತಜ್ಞರು 1976ರಷ್ಟು ಹಿಂದೆಯೇ ಹೇಳಿದ್ದ ಮಾತಿನ ಸಾರವೂ ಇದೇ: ಈ ಮಗು ಇದನ್ನು ಕಲಿಯದಿದ್ದರೆ ಬೇರೊಬ್ಬರು ಅವನಿಗಾಗಿ ಮಾಡಬೇಕಾಗುತ್ತದೆಯೋ ಎಂದು ಪ್ರತಿ ಪಾಠಕ್ಕೂ ಕೇಳಿಕೊಳ್ಳಬೇಕು.

ಸ್ನಾನವನ್ನು ಕಲಿಸಿದ ಬಗೆಯನ್ನು ಹೇಳುತ್ತೇನೆ. ಬಕೆಟ್ಟಿಗೆ ನೀರು ಬಿಡುವುದರಿಂದ ಟವೆಲ್ಲನ್ನು ತಂತಿಗೆ ಹಾಕುವವರೆಗೆ ಕೆಲಸವನ್ನು ಹದಿನಾಲ್ಕು ತುಂಡುಗಳಾಗಿ ಬರೆದೆವು. ಕಲಿಸಿದ್ದು ಕೊನೆಯಿಂದ. ಹದಿಮೂರನ್ನು ನಾನು ಮಾಡಿಸುವುದು, ಟವೆಲ್ ಹಾಕುವುದನ್ನು ಮಾತ್ರ ಅವನಿಗೆ ಬಿಡುವುದು. ಅದು ಕೈಗೆ ಕೂತ ಮೇಲೆ ಕೊನೆಯ ಎರಡನ್ನು ಬಿಡುವುದು. ಹೀಗಾದಾಗ ಕೆಲಸ ಮುಗಿಸುವವನು ಪ್ರತಿ ದಿನವೂ ಅವನೇ ಆಗುತ್ತಾನೆ, ಇಷ್ಟದ ತಿಂಡಿಯೂ ಆಗಲೇ ಕೈಗೆ ಬರುತ್ತದೆ. ಕೈ ಹಿಡಿದು ಮಾಡಿಸುವ ಸಹಾಯವನ್ನು ಮೊದಲು ಮೊಣಕೈ ಮುಟ್ಟುವುದಕ್ಕೆ, ಆಮೇಲೆ ಬೆರಳು ತೋರಿಸುವುದಕ್ಕೆ ಇಳಿಸಿ, ಕೊನೆಗೆ ನಿಲ್ಲಿಸಬೇಕು. ಚಿಕ್ಕ ಮಗುವನ್ನು ಎತ್ತಿ ಕೂರಿಸಬಹುದು. ನನ್ನಷ್ಟೇ ಎತ್ತರದವನನ್ನು ಬಲದಿಂದ ಏನನ್ನೂ ಮಾಡಿಸಲಾಗದು, ಮಾಡಿಸಲೂಬಾರದು. ಇಡೀ ಸ್ನಾನ ಅವನದೇ ಆಗಲು ಏಳು ತಿಂಗಳು ಹಿಡಿಯಿತು.

ಇನ್ನು ಕೈ ಕಚ್ಚಿಕೊಳ್ಳುವ ವಿಷಯ. ಅವನ ಎಡ ಮಣಿಕಟ್ಟು ಗಟ್ಟಿಕಟ್ಟಿ ಕಪ್ಪಾಗಿತ್ತು. ಎಕ್ಸ್‌ಪ್ರೆಸ್ ಹೆದ್ದಾರಿ ಆರಂಭವಾಗುವ ಊರು ನಮ್ಮದು. ಲಾರಿಗಳ ಹಾರ್ನೇ ಕಾರಣವೆಂದು ನೆರೆಯವರು ಹೇಳುತ್ತಿದ್ದರು. ವರ್ತನಾ ಚಿಕಿತ್ಸೆಯಲ್ಲಿ ಊಹೆಗೆ ಅವಕಾಶವಿಲ್ಲ, ಬರೆದಿಡಬೇಕು: ಮೊದಲು ಏನಾಯಿತು, ಅವನು ಏನು ಮಾಡಿದ, ಆಮೇಲೆ ನಾವೇನು ಮಾಡಿದೆವು. ಬ್ರಯನ್ ಇವಾಟ ಅವರು 1982ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಸ್ವಹಿಂಸೆಗೂ ಒಂದು ಪ್ರಯೋಜನವಿರುತ್ತದೆ, ಅದು ಮಗುವಿನಿಂದ ಮಗುವಿಗೆ ಬೇರೆಯಾಗಿರುತ್ತದೆ. ಲೆಕ್ಕ ಬರೆಯುವುದು ನನ್ನ ಕಸುಬಾದ್ದರಿಂದ ಈ ಕೆಲಸ ನನಗೆ ಒಗ್ಗಿತು. ಮೂರು ವಾರದ ವಹಿಯಲ್ಲಿ ಹಾರ್ನಿಗೂ ಕಚ್ಚುವುದಕ್ಕೂ ಸಂಬಂಧವೇ ಕಾಣಲಿಲ್ಲ. ಯಾವಾಗ ಮುಗಿಯುತ್ತದೆಂದು ತಿಳಿಯದ ಕೆಲಸದ ನಡುವೆ ಅವನು ಕಚ್ಚಿಕೊಳ್ಳುತ್ತಿದ್ದ. ಕಚ್ಚಿದೊಡನೆ ಕೆಲಸ ನಿಲ್ಲುತ್ತಿತ್ತು. ಅಂದರೆ ಆ ಕಚ್ಚುವಿಕೆ ಒಂದು ಮಾತು. ಕಾರ್ ಮತ್ತು ಡ್ಯುರಾಂಡ್ ಎಂಬುವರು 1985ರಲ್ಲಿ ಇದಕ್ಕೆ ಹೇಳಿದ ಪರಿಹಾರ, ಅದೇ ಕೆಲಸ ಮಾಡುವ ಬೇರೆ ಮಾತನ್ನು ಕಲಿಸುವುದು.

ಬಂಧುಗಳೇ, ಭಾಷೆಯ ಪ್ರಶ್ನೆ ಎದುರಾಗುವುದು ಇಲ್ಲಿ. ಯಾವ ಮಾತು? ಯಾವ ಭಾಷೆಯ ಮಾತು?

ಒಂದು ಚಿಕಿತ್ಸಾಲಯದಲ್ಲಿ ನಮಗೆ ಸ್ಪಷ್ಟವಾಗಿ ಹೇಳಿದ್ದರು: ಮಗುವಿಗೆ ಒಂದೇ ಭಾಷೆ ಸಾಕು, ಅದು ಇಂಗ್ಲಿಷ್ ಅಥವಾ ಹಿಂದಿಯಾಗಿರಲಿ, ಮನೆಯಲ್ಲಿ ಕನ್ನಡವನ್ನು ನಿಲ್ಲಿಸಿ. ಹೊರನಾಡಿನಲ್ಲಿರುವ ಎಷ್ಟೋ ಕುಟುಂಬಗಳಿಗೆ ಈ ಸಲಹೆ ಸಿಕ್ಕಿದೆ, ಎಷ್ಟೋ ತಾಯಂದಿರು ತಮಗೇ ಸರಿಯಾಗಿ ಬಾರದ ಭಾಷೆಯಲ್ಲಿ ಮಕ್ಕಳೊಡನೆ ಮಾತನಾಡುತ್ತಿದ್ದಾರೆ. ಇದಕ್ಕೆ ಶಾಸ್ತ್ರದ ಆಧಾರ ಇಲ್ಲ. 2012ರಲ್ಲಿ ಕೆನಡಾದ ಹ್ಯಾಂಬ್ಲಿ ಮತ್ತು ಫೊಂಬಾನ್ ಆಟಿಸಂ ಇರುವ 75 ಮಕ್ಕಳನ್ನು ಹೋಲಿಸಿ, ಎರಡು ಭಾಷೆ ಕೇಳಿ ಬೆಳೆದವರು ಒಂದೇ ಭಾಷೆಯವರಿಗಿಂತ ಹಿಂದೆ ಬಿದ್ದಿಲ್ಲವೆಂದು ತೋರಿಸಿದರು. 2011ರಲ್ಲಿ ಅಮೆರಿಕದಲ್ಲಿ ಸ್ಪ್ಯಾನಿಷ್ ಮನೆಮಾತಿನ ಒಂದು ಮಗುವಿಗೆ ಅದೇ ಪಾಠವನ್ನು ಎರಡು ಭಾಷೆಗಳಲ್ಲಿ ಕೊಟ್ಟು ನೋಡಿದಾಗ, ಮನೆಮಾತಿನಲ್ಲಿ ಸರಿಯುತ್ತರ ಹೆಚ್ಚಿ ಹಟ ಕಡಿಮೆಯಾಯಿತು. ಒಂದು ಮಗುವಿನ ಅಧ್ಯಯನ ನಿಜ. ಆದರೆ ನಮ್ಮ ಅಡಿಗೆಮನೆಗಳಿಗೆ ಅದು ಬಹಳ ಹತ್ತಿರದ್ದು.

ನಾವು ಆರಿಸಿಕೊಂಡ ಮೊದಲ ಮಾತು ‘ಸಾಕು’. ಇಂಗ್ಲಿಷಿನಲ್ಲಿ ನಿಲ್ಲಿಸು, ಮುಗಿಯಿತು, ಬೇಡ ಎಂದು ಮೂರು ಕಡೆ ಹಂಚಿಹೋಗುವ ಅರ್ಥವನ್ನು ಎರಡು ಅಕ್ಷರಗಳಲ್ಲಿ ಹಿಡಿದಿರುವ ಪದವದು. ಕಚ್ಚುವ ಮೊದಲೇ ‘ಸಾಕು’ ಎಂದು ನಾವು ಹೇಳಿಕೊಡುವುದು, ಅವನು ‘ಸಾ’ ಎಂದರೂ ಕೆಲಸವನ್ನು ಆ ಕ್ಷಣ ನಿಲ್ಲಿಸುವುದು. ಅಕ್ಷರಕ್ಕೆ ಗೌರವ ಕೊಡದಿದ್ದರೆ ಹಲ್ಲು ಮತ್ತೆ ಮಾತನಾಡುತ್ತದೆ. ಎರಡನೆಯದು ‘ಬ್ಯಾಡ’. ನಾವು ವಿಜಯಪುರದ ಕಡೆಯವರು, ಮನೆಯಲ್ಲಿ ‘ಬ್ಯಾಡ’ ಎನ್ನುತ್ತೇವೆ. ಸಂಜೆ ಸಹಾಯಕ್ಕೆ ಬರುತ್ತಿದ್ದ ಉಡುಪಿಯ ತಂಗಿ ‘ಬೇಡ’ ಎನ್ನುತ್ತಿದ್ದಳು. ಮಗುವಿಗೆ ಅವು ಎರಡು ಬೇರೆ ಪದಗಳು. ವಹಿಯಲ್ಲಿ ‘ಬ್ಯಾಡ’ ಎಂದು ಬರೆದು ಅವಳೂ ಹಾಗೆಯೇ ಹೇಳಬೇಕೆಂದು ತೀರ್ಮಾನಿಸಿದೆವು. ಶಿಷ್ಟ ಭಾಷೆಯ ಅಭಿಮಾನಿಗಳು ಕ್ಷಮಿಸಬೇಕು. ಇಂದು ಮಣಿಕಟ್ಟಿನ ಕಪ್ಪು ತಿಳಿಯಾಗಿದೆ. ಕಚ್ಚುವುದು ಪೂರ್ತಿ ನಿಂತಿಲ್ಲ; ವಾರಕ್ಕೆ ಒಂದೋ ಎರಡೋ ಬಾರಿ.

ಆಟಿಸಂ ಇರುವವರೇ ಈ ಚಿಕಿತ್ಸೆಯ ಬಗೆಗೆ ಎತ್ತಿರುವ ಆಕ್ಷೇಪವನ್ನು ನಾನು ಮುಚ್ಚಿಡುವುದಿಲ್ಲ. 1993ರಲ್ಲಿ ಟೊರಾಂಟೋದಲ್ಲಿ ಜಿಮ್ ಸಿಂಕ್ಲೇರ್, ನಮಗಾಗಿ ಶೋಕಿಸಬೇಡಿ ಎಂದು ತಂದೆತಾಯಿಗಳಿಗೇ ಹೇಳಿದರು. ಕಣ್ಣಲ್ಲಿ ಕಣ್ಣಿಟ್ಟು ನೋಡೆಂದು, ಕೈ ಆಡಿಸಬೇಡವೆಂದು ತಿದ್ದುವುದು ಪರರ ಸಮಾಧಾನಕ್ಕೇ ಹೊರತು ಮಗುವಿನ ಹಿತಕ್ಕಲ್ಲ ಎಂದು ಅಂಥವರು ಹೇಳುತ್ತಾರೆ. ನನಗದು ಒಪ್ಪಿಗೆ. ನನ್ನ ಮಗ ಸಂತೋಷವಾದಾಗ ಬೆರಳುಗಳನ್ನು ಬೆಳಕಿಗೆ ಹಿಡಿದು ಆಡಿಸುತ್ತಾನೆ. ಅದು ನಮ್ಮ ಪಾಠಪಟ್ಟಿಯಲ್ಲಿಲ್ಲ.

ಸರ್ಕಾರದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಬಂತು. 2016ರ ಕಾಯಿದೆಯ 21 ವಿಕಲತೆಗಳಲ್ಲಿ ಸೇರಿತು. ನ್ಯಾಸದ ‘ನಿರಾಮಯ’ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನದು, ಚಿಕಿತ್ಸಾ ತರಬೇತಿಯ ಖರ್ಚಿನ ಒಂದು ಪಾಲೂ ಅದರಲ್ಲಿ ಬರುತ್ತದೆ. ಕೇಂದ್ರದ ಯೋಜನೆಯಾದ್ದರಿಂದ ನೀವು ಯಾವ ರಾಜ್ಯದವರೆಂಬ ತೊಡಕಿಲ್ಲ. ಬೌದ್ಧಿಕ ವಿಕಲತೆಯ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರ ನಮ್ಮ ಪಕ್ಕದ ಖಾರಘರದಲ್ಲೇ ಇದೆ. ಹದಿನೆಂಟು ತುಂಬಿದ ಮೇಲೆ ಪೋಷಕತ್ವದ ಅರ್ಜಿ ಜಿಲ್ಲಾ ಮಟ್ಟದ ಸಮಿತಿಗೆ; ಕಳಂಬೋಲಿ ರಾಯಗಡ ಜಿಲ್ಲೆಯಾದ್ದರಿಂದ ಅದಕ್ಕೆ ಅಲಿಬಾಗಿನ ದಾರಿ ಹಿಡಿಯಬೇಕು. ಕನ್ನಡ ನಾಡಿನಲ್ಲಾದರೂ ಎಲ್ಲವೂ ಇದೆಯೆಂದಲ್ಲ. ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆಯಿದೆ, ಬೆಂಗಳೂರಿನಲ್ಲಿ ಡಾ. ಪ್ರತಿಭಾ ಕಾರಂತರು 2000ದಲ್ಲಿ ಆರಂಭಿಸಿದ ಕಾಂ ಡೀಲ್ ದೊಡ್ಡ ಕೆಲಸ ಮಾಡಿದೆ, ಆದರೆ ಅದು ಶಾಲೆಗೆ ಹೋಗುವ ಮೊದಲಿನ ವಯಸ್ಸಿನವರಿಗೆ. ಬೆಳೆದ ಮಕ್ಕಳು ಅಲ್ಲಿಯೂ ಇಲ್ಲಿಯೂ ಸಾಲಿನ ಕೊನೆಯವರು.

ವಾರಕ್ಕೆ 40 ಗಂಟೆ ಎಂದರೆ ವರ್ಷಕ್ಕೆ 2,080 ಗಂಟೆ. ದುಡ್ಡು ಕೊಟ್ಟು ಕೊಳ್ಳಲು ಮಾರುಕಟ್ಟೆಯ ಗುಮಾಸ್ತನಿಂದ ಆಗದು. ನಾವು ಕೊಂಡದ್ದು ವಾರಕ್ಕೆ ಮೂರು ಗಂಟೆ, ಅದೂ ನಮಗೆ ಕಲಿಸಲಿಕ್ಕೆ. ಉಳಿದದ್ದು ಸ್ನಾನದಲ್ಲಿ, ಊಟದಲ್ಲಿ, ಅಂಗಡಿಗೆ ಹೋಗುವ ದಾರಿಯಲ್ಲಿ ನಡೆಯುತ್ತದೆ. ನನ್ನ ಹೆಂಡತಿ, ನಾನು, ನಮ್ಮ ಅತ್ತೆಯವರು, ಆ ಉಡುಪಿಯ ತಂಗಿ ಎಲ್ಲರೂ ಒಂದೇ ವಹಿಯನ್ನು ನೋಡಿ ಒಂದೇ ಪದವನ್ನು ಬಳಸುತ್ತೇವೆ. ಈ ವಯಸ್ಸಿನಲ್ಲಿ ತೀವ್ರ ಚಿಕಿತ್ಸೆ ಎಂಬುದಕ್ಕೆ ನಾನು ಕೊಡುವ ಅರ್ಥ ಇದು.

ಆ ತಂಗಿಗೆ ಮದುವೆಯಾಗಿ ಕಲ್ಯಾಣಕ್ಕೆ ಹೋದಳು. ಅವಳ ಸ್ಥಾನ ಆರು ತಿಂಗಳಿಂದ ಖಾಲಿ ಇದೆ. ಈ ಸುತ್ತಿನಲ್ಲಿ ಇಂಥ ಮಕ್ಕಳಿರುವ ಇನ್ನೆರಡು ಕನ್ನಡ ಮನೆಗಳು ನನಗೆ ಗೊತ್ತು, ಗೊತ್ತಿಲ್ಲದವೂ ಇರಬಹುದು. ವಾರದಲ್ಲಿ ಎರಡು ಸಂಜೆ, ಒಂದೊಂದು ಗಂಟೆ, ಕನ್ನಡ ಬಲ್ಲ ಇಬ್ಬರು ತರುಣರು ಅಥವಾ ನಿವೃತ್ತರು ಬರಲೊಪ್ಪಿದರೆ ಏನು ಮಾಡಬೇಕೆಂಬುದನ್ನು ನಾವು ಕಲಿಸುತ್ತೇವೆ. ಸಂಘದ ಈ ಕೋಣೆ ಮಂಗಳವಾರ ಮತ್ತು ಶುಕ್ರವಾರ ಐದರಿಂದ ಏಳರವರೆಗೆ ಬೀಗ ಹಾಕಿರುತ್ತದೆಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಬೀಗದ ಕೈಯನ್ನು ಕೇಳಿ ಅರ್ಜಿ ಬರೆದು ತಂದಿದ್ದೇನೆ. ಸಭೆ ಮುಗಿದ ಮೇಲೆ ಅಧ್ಯಕ್ಷರಿಗೆ ಕೊಡುತ್ತೇನೆ. ಬರಲಿಚ್ಛಿಸುವವರು ಹಾಜರಿ ಪುಸ್ತಕದಲ್ಲಿ ತಮ್ಮ ಹೆಸರಿನ ಎದುರು ಗುರುತು ಹಾಕಬೇಕೆಂದು ವಿನಂತಿ.