18 ಸೆಂಟಿಮೀಟರಿನ ಅಂಬಾಸಿಡರ್

ಇವತ್ತಿನ ಎಪಿಸೋಡ್‌ನಲ್ಲಿ ಗೆಸ್ಟ್ ಯಾರೂ ಇಲ್ಲ, ನಾನೊಬ್ನೇ. ನನ್ನ ಮುಂದೆ ಒಂದು ಶೂ ಡಬ್ಬ ಇದೆ. ಅದರೊಳಗೆ, ಹತ್ತಿ ಮೇಲೆ, ಒಂದು ಅಂಬಾಸಿಡರ್ ಟ್ಯಾಕ್ಸಿ ಕೂತಿದೆ. ಕಪ್ಪು ಮೈ, ಹಳದಿ ತಲೆ. ಉದ್ದ 18 ಸೆಂಟಿಮೀಟರ್. ಇದನ್ನ ಮಾಡೋಕೆ ನಂಗೆ ಏಳು ತಿಂಗಳು ಬೇಕಾಯ್ತು.

"ಈ ವಯಸ್ಸಲ್ಲಿ ಆಟದ ಸಾಮಾನಾ?" ಅಂತ ಮನೇಲಿ ಕೇಳಿದ್ದಾರೆ, ನೀವೂ ಕೇಳಬಹುದು. ಆಟದ ಕಾರಿಗೂ ಸ್ಕೇಲ್ ಮಾಡೆಲ್‌ಗೂ ವ್ಯತ್ಯಾಸ ಒಂದೇ, ಅದು ಲೆಕ್ಕ. ನಾನು ಮಾಡೋದು 1:24. ನಿಜವಾದ ಕಾರಿನ ಪ್ರತಿ ಅಳತೆಯನ್ನೂ 24ರಿಂದ ಭಾಗಿಸಬೇಕು. ಅಡಿ-ಇಂಚಿನ ಕಾಲದ ಲೆಕ್ಕ ಇದು, ಒಂದು ಅಡಿಗೆ ಅರ್ಧ ಇಂಚು. ಅಂಬಾಸಿಡರ್‌ನ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2464 ಮಿಲಿಮೀಟರ್. ಭಾಗಿಸಿದ್ರೆ ಹತ್ತಿರ ಹತ್ತಿರ 103. ಅಲ್ಲಿ ಎರಡು ಮಿಲಿಮೀಟರ್ ತಪ್ಪಿದ್ರೂ ಕಾರು ನೋಡಿದ ತಕ್ಷಣ ಏನೋ ಸರಿಯಿಲ್ಲ ಅನ್ಸುತ್ತೆ. ಏನು ಅಂತ ಹೇಳೋಕೆ ಬರಲ್ಲ, ಆದ್ರೆ ಅನ್ಸುತ್ತೆ.

ಸಾಮಾನ್ಯವಾಗಿ ಈ ಹವ್ಯಾಸ ಶುರುವಾಗೋದು ಕಿಟ್‌ನಿಂದ. ಡಬ್ಬದಲ್ಲಿ ಪ್ಲಾಸ್ಟಿಕ್ ಭಾಗಗಳು ಒಂದು ಚೌಕಟ್ಟಿಗೆ ಅಂಟಿಕೊಂಡು ಬರ್ತವೆ, ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹೊಡೀಬೇಕು. ಜಪಾನಿನ ತಮಿಯಾ ಕಂಪನಿ ಹೆಸರು ಕೇಳಿರ್ತೀರಿ. 1946ರಲ್ಲಿ ಶಿಜುಒಕಾದಲ್ಲಿ ಅದು ಶುರುವಾಗಿದ್ದು ಮರದ ವ್ಯಾಪಾರವಾಗಿ. 70ರ ದಶಕದಲ್ಲಿ ಪೋರ್ಷೆ 934ರ ಮಾಡೆಲ್ ಮಾಡೋವಾಗ ಶುನ್ಸಾಕು ತಮಿಯಾ ಒಂದು ನಿಜವಾದ ಪೋರ್ಷೆ 911 ಕೊಂಡು, ಅದನ್ನ ಬಿಚ್ಚಿ ಹಾಕಿ ನೋಡಿದ್ರು. ಹುಚ್ಚು ಅಂದ್ರೆ ಅದು!

ನನ್ನ ಕಷ್ಟ ಬೇರೆ. ನಂಗೆ ಬೇಕಾಗಿದ್ದು ಅಂಬಾಸಿಡರ್, ಅದೂ ಅಪ್ಪನ ಅಂಬಾಸಿಡರ್. ಕಿಟ್ ಸಿಗಲಿಲ್ಲ. ಬಿಚ್ಚಿ ನೋಡೋಣ ಅಂದ್ರೆ ಕಾರೂ ಇಲ್ಲ, 2011ರಲ್ಲೇ ಗುಜರಿಗೆ ಹೋಯ್ತು. ಆಮೇಲೆ 2014ರ ಮೇನಲ್ಲಿ ಕೋಲ್ಕತ್ತಾ ಹತ್ತಿರದ ಉತ್ತರಪಾರಾ ಫ್ಯಾಕ್ಟರಿಯಲ್ಲಿ ಅಂಬಾಸಿಡರ್ ತಯಾರಿಕೆಯೇ ನಿಂತುಹೋಯ್ತು. ಉಳಿದಿದ್ದು ನಾಲ್ಕು ಫೋಟೋ ಮತ್ತು ಅಪ್ಪನ ನೆನಪು. ಅಪ್ಪ 20 ವರ್ಷ ಸಾಗರದ ಟ್ಯಾಕ್ಸಿ ಸ್ಟ್ಯಾಂಡಿನಿಂದ ಜೋಗಕ್ಕೆ ಅದೇ ಗಾಡಿ ಓಡಿಸಿದವರು.

ಕಳೆದ ವರ್ಷ ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಹೋದಾಗ ಕೆಲಸ ಶುರು ಮಾಡಿದೆ. ಮೊದಲು ಹಾಲೆ ಮರದ ತುಂಡಲ್ಲಿ ಕಾರಿನ ಅಚ್ಚು ಕೆತ್ತಿದೆ. ಚನ್ನಪಟ್ಟಣದ ಗೊಂಬೆ ಮಾಡ್ತಾರಲ್ಲ, ಅದೇ ಮರ. ಮೆತ್ತಗಿರುತ್ತೆ, ಉಳಿ ಚೆನ್ನಾಗಿ ಹಿಡಿಯುತ್ತೆ. ಆಮೇಲೆ ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯನ್ನ ಚೌಕಟ್ಟಿಗೆ ಸಿಗಿಸಿ ಕಾಯಿಸೋದು. ಹಾಳೆ ನಡುವೆ ಜೋತು ಬೀಳೋಕೆ ಶುರುವಾದ ತಕ್ಷಣ ಅಚ್ಚಿನ ಮೇಲೆ ಎಳೆಯೋದು. ಮೊದಲೆರಡು ಹಾಳೆ ಮೂಲೆಯಲ್ಲಿ ಹರಿದವು. ಮೂರನೇದು ಬಂತು, ಕುಣಿದಾಡಿಬಿಟ್ಟೆ. ಅಳತೆ ಇಟ್ಟು ನೋಡಿದ್ರೆ ಕಾರು ದಪ್ಪ! ಹಾಳೆಯ ದಪ್ಪವನ್ನ ಅಚ್ಚಿನಲ್ಲಿ ಕಳೀಬೇಕಿತ್ತು, ಮರೆತಿದ್ದೆ. ಎರಡೂ ಪಕ್ಕ ಸೇರಿ 2 ಮಿಲಿಮೀಟರ್, ಅಂದ್ರೆ ನಿಜವಾದ ಗಾಡಿಯಲ್ಲಿ ಹತ್ತಿರ ಹತ್ತಿರ ಐದು ಸೆಂಟಿಮೀಟರ್. ಮತ್ತೆ ಮರ ಉಜ್ಜಿದೆ.

ಇನ್ನೊಂದು ದಡ್ಡತನವನ್ನೂ ಹೇಳ್ಬಿಡ್ತೀನಿ, ನೀವು ಮಾಡಬೇಡಿ. ಗಾಜುಗಳನ್ನ ಫೆವಿಕ್ವಿಕ್‌ನಲ್ಲಿ ಅಂಟಿಸಿದೆ. ಬೆಳಿಗ್ಗೆ ಎದ್ದು ನೋಡಿದ್ರೆ ಆಗುಂಬೆ ಮಂಜು ಮುಚ್ಚಿದ ಹಾಗೆ ಗಾಜೆಲ್ಲ ಬೆಳ್ಳಗೆ. ಅದರ ಆವಿ ಪ್ಲಾಸ್ಟಿಕ್ ಮೇಲೆ ಕೂತುಬಿಡುತ್ತೆ. ಗಾಜಿಗೆ ಮಾಮೂಲಿ ಬಿಳಿ ಫೆವಿಕಾಲ್ ಸಾಕು, ಒಣಗಿದ ಮೇಲೆ ಕಾಣೋದೇ ಇಲ್ಲ.

ಬಣ್ಣದ ಕಥೆ ದೊಡ್ಡದು. ಸಾಗರದ ಜುಲೈ ಮಳೆಯಲ್ಲಿ ಸ್ಪ್ರೇ ಮಾಡಿದ್ರೆ ಏನಾಗುತ್ತೆ? ಬಣ್ಣದ ದ್ರಾವಕ ಬೇಗ ಹಾರಿಹೋಗೋವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತೆ. ಕಪ್ಪು ಬಣ್ಣ ಹಾಲು ಚೆಲ್ಲಿದ ಹಾಗೆ ಮಸುಕಾಗುತ್ತೆ. ವಾಟರ್ ಪೇಪರ್ ಹಿಡಿದು ಪೂರ್ತಿ ಉಜ್ಜಿ, ಬಿಸಿಲಿಗೆ ಕಾದೆ. ಹಾಗಂತ ದಪ್ಪಗೆ ಹೊಡೆಯೋ ಹಾಗೂ ಇಲ್ಲ. 0.1 ಮಿಲಿಮೀಟರ್ ಬಣ್ಣ ಅಂದ್ರೆ ದೊಡ್ಡ ಕಾರಲ್ಲಿ 2.4 ಮಿಲಿಮೀಟರ್, ಬಾಗಿಲ ಸಂದೇ ಮುಚ್ಚಿಹೋಗುತ್ತೆ. ಮತ್ತೆ ಕಪ್ಪು ಅಂತ ಅಪ್ಪಟ ಕಪ್ಪು ಹೊಡೀಬಾರದು. ಚಿಕ್ಕ ವಸ್ತುವಿನ ಮೇಲೆ ಅದು ಇದ್ದಿಲಿನ ಥರ ಕಾಣುತ್ತೆ. ಒಂಚೂರು ಬಿಳಿ ಬೆರೆಸಬೇಕು.

ಅಪ್ಪ ಮೊದಮೊದಲು ಈ ಕಡೆ ತಲೆ ಹಾಕ್ಲಿಲ್ಲ. ಗಾಡಿ ಮಾರಿದ ಮೇಲೆ ಅದರ ಮಾತು ಎತ್ತಿದ್ರೆ ಎದ್ದು ಹೋಗ್ತಿದ್ರು. ಒಂದಿನ ಕಾಫಿ ಲೋಟ ಹಿಡ್ಕೊಂಡು ಬಂದು ನಿಂತು, "ಬಂಪರ್ ಅಷ್ಟು ಹೊಳೀತಿರ್ಲಿಲ್ಲ" ಅಂದ್ರು. ಚಾಕೊಲೇಟ್ ಸುತ್ತಿದ ತೆಳು ಹಾಳೆ ಅಂಟಿಸಿದ್ದೆ. ಅವತ್ತಿಂದ ದಿನಾ ಸಂಜೆ ಬರೋರು. ಗೇರು ಸ್ಟಿಯರಿಂಗ್ ಪಕ್ಕದಲ್ಲಿತ್ತು, ಮುಂದಿನ ಸೀಟು ಡ್ರೈವರ್ ಕಡೆ ಕುಗ್ಗಿತ್ತು, ಡ್ಯಾಶ್‌ಬೋರ್ಡ್ ಮೇಲೆ ಗಣಪತಿ ಸ್ವಲ್ಪ ಎಡಕ್ಕೆ ತಿರುಗಿದ್ದ. ಎಲ್ಲ ಅವರು ಹೇಳಿದ್ದು, ನಾನು ಮಾಡಿದ್ದು.

ಒಂದು ಮಾತ್ರ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಿಂದಿನ ಎಡ ಮಡ್ಗಾರ್ಡ್‌ನ ನೆಗ್ಗು.

ನಂಗಾಗ 14 ವರ್ಷ. ರಾತ್ರಿ ಟ್ರಿಪ್ ಮುಗಿಸಿ ಬಂದು ಅಪ್ಪ ಮಧ್ಯಾಹ್ನ ಮಲಗಿದ್ರು. ಕೀ ಎತ್ಕೊಂಡು ಗಾಡಿ ರಿವರ್ಸ್ ತೆಗೆಯೋಕೆ ಹೋಗಿ ಜಂಬಿಟ್ಟಿಗೆ ಕಲ್ಲಿನ ಕಂಬಕ್ಕೆ ಹೊಡೆದೆ. ಗಾಡಿನ ಮೊದಲಿದ್ದ ಜಾಗಕ್ಕೇ ತಂದು ನಿಲ್ಲಿಸಿ ಒಳಗೆ ಹೋಗಿ ಓದೋಕೆ ಕೂತೆ. ಸಂಜೆ ಗಾಡಿ ತೊಳೆಯೋ ಹುಡುಗ ಬಂದ. ನಲ್ಲಿ ಹತ್ತಿರಕ್ಕೆ ಗಾಡಿ ತಗೊಂಡು ಹೋಗೋದು ಅವನೇ. ಅಪ್ಪ ಎದ್ದು ನೋಡಿದಾಗ ನೆಗ್ಗಿನ ಪಕ್ಕ ಬಕೆಟ್ ಹಿಡಿದು ನಿಂತಿದ್ದವನೂ ಅವನೇ. "ನಾನಲ್ಲ ಸಾರ್" ಅಂದ. ಕಿಟಕಿಯಿಂದ ನಂಗೆ ಕೇಳಿಸ್ತು. ಮಾರನೇ ದಿನದಿಂದ ಅವನು ಬರಲಿಲ್ಲ.

ಅಂಗೈಯಷ್ಟು ಅಗಲದ ನೆಗ್ಗು, 12 ಸೆಂಟಿಮೀಟರ್ ಇದ್ದಿರಬೇಕು. ಭಾಗಿಸಿದ್ರೆ 5 ಮಿಲಿಮೀಟರ್. ಬಿಟ್ಟುಬಿಟ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಫೋಟೋದಲ್ಲೂ ಆ ಪಕ್ಕ ಇಲ್ಲ. ಎರಡು ವಾರ ಹಾಗೇ ಇಟ್ಟೆ. ಹೊಳಪು ಕೊಟ್ಟು ಮುಗಿಸಿದ ಕಾರು, ಶೋರೂಮಿನಿಂದ ಬಂದ ಹಾಗಿತ್ತು. ಅದು ನಮ್ಮ ಗಾಡಿ ಆಗಿರ್ಲಿಲ್ಲ. ಕೊನೆಗೆ ಒಂದು ರಾತ್ರಿ ಚಮಚದ ಹಿಡಿಯನ್ನ ಬಿಸಿ ಮಾಡಿ ಆ ಜಾಗದಲ್ಲಿ ಮೆಲ್ಲಗೆ ಒತ್ತಿದೆ. ಬಣ್ಣ ಸ್ವಲ್ಪ ಸುಟ್ಟಿತು, ಮತ್ತೆ ಹಚ್ಚಿದೆ.

ಬೆಳಿಗ್ಗೆ ಅಪ್ಪ ಕಾರು ಕೈಲಿ ಹಿಡಿದು ತಿರುಗಿಸಿದ್ರು. ಹೆಬ್ಬೆರಳು ಅಲ್ಲೇ ನಿಂತಿತು. "ಇದು ನೆನಪಿದ್ಯೇನೋ ನಿಂಗೆ?"

"ನಾನೇ ಹೊಡ್ದಿದ್ದಪ್ಪ."

ಅವರು ಏನೂ ಅನ್ನಲಿಲ್ಲ. ಕಾರನ್ನ ಮೆಲ್ಲಗೆ ಟೇಬಲ್ ಮೇಲಿಟ್ಟು ಹೊರಗೆ ಹೋದ್ರು. ಮಧ್ಯಾಹ್ನ ಊಟಕ್ಕೆ ಕೂತಾಗ, ತಟ್ಟೆ ನೋಡ್ಕೊಂಡೇ, "ಅವ್ನಿಗೆ ಕೊಡಬೇಕಾಗಿದ್ದ 300 ರೂಪಾಯಿ ಹಿಡ್ಕೊಂಡೆ ನಾನು" ಅಂದ್ರು. ಮಜ್ಜಿಗೆ ಹಾಕಿಸ್ಕೊಳ್ಳದೇ ಎದ್ರು.

ಆ ಹುಡುಗ, ಈಗ ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಹೊಸನಗರದ ಕಡೆ ಪಂಕ್ಚರ್ ಅಂಗಡಿ ಇಟ್ಟಿದ್ದಾನಂತೆ. ಅಪ್ಪನೇ ಹಳೇ ಡ್ರೈವರ್‌ಗಳನ್ನ ವಿಚಾರಿಸಿ ಪತ್ತೆ ಮಾಡಿದ್ರು. ಎರಡು ಭಾನುವಾರ ಹೊರಟು ನಿಂತ್ವಿ, ಎರಡು ಸಲವೂ ಅಪ್ಪನಿಗೆ ಏನೋ ಕೆಲಸ ನೆನಪಾಯ್ತು. ನಿನ್ನೆ ಫೋನ್ ಮಾಡಿ, "ಈ ಭಾನುವಾರ ಬಾ, ಆ ಡಬ್ಬನೂ ತಗೊಂಡು ಬಾ" ಅಂದಿದ್ದಾರೆ. ಶನಿವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದ್ದೀನಿ. ಡಬ್ಬಕ್ಕೆ ಇನ್ನೊಂಚೂರು ಹತ್ತಿ ತುಂಬಬೇಕು, ಸೈಡ್ ಮಿರರ್ ಬಹಳ ಸೂಕ್ಷ್ಮ.